ಅರೇಬಿಕಾ ಕಿತ್ತು ರೋಬಸ್ಟಾ ಹಾಕಬೇಕಾ? ಮೊದಲು ಗಿಡದ ಮೂಲ ನೋಡೋಣ

ಪ್ರಶ್ನೆ: ಸಾರ್, ನಮಸ್ಕಾರ. ಸಕಲೇಶಪುರ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕಾಫಿ ತೋಟ ಇದೆ. ಎತ್ತರ ಸುಮಾರು 3,200 ಅಡಿ, ಮೇಲಿನ ಒಂದೂವರೆ ಎಕರೆ ಬ್ಲಾಕ್ ಇನ್ನೂ ಸ್ವಲ್ಪ ಎತ್ತರದಲ್ಲಿದೆ. ಎಲ್ಲಾ ಅಪ್ಪ ಹಾಕಿದ ಎಸ್.795 ಅರೇಬಿಕಾ, ಮೂವತ್ತೈದು ವರ್ಷದ ಗಿಡಗಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನೇ ನೋಡಿಕೊಳ್ಳುತ್ತಿದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ, ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತೇನೆ. ಕಾಂಡ ಕೊರೆಯುವ ಬೋರರ್ ಹುಳುವಿನಿಂದ ಪ್ರತಿ ವರ್ಷ ಗಿಡ ಹೋಗುತ್ತಿವೆ, ಕೆಳಗಿನ ಬ್ಲಾಕಿನಲ್ಲಿ ಮೂರಕ್ಕೊಂದು ಗಿಡ ಇಲ್ಲ. ಪಕ್ಕದ ತೋಟದವರು "ಎಲ್ಲಾ ಕಿತ್ತು ರೋಬಸ್ಟಾ ಹಾಕು, ರೇಟು ನೋಡಿದ್ದೀಯಲ್ಲ" ಅನ್ನುತ್ತಾರೆ. ನರ್ಸರಿಯವರು "ಚಂದ್ರಗಿರಿ ಅರೇಬಿಕಾ ತಳಿ ಹಾಕಿ, ಬೋರರ್ ಮುಟ್ಟಲ್ಲ" ಅನ್ನುತ್ತಾರೆ. ದೊಡ್ಡಪ್ಪ ಮಾತ್ರ "ರೋಬಸ್ಟಾ ಕಾಫಿನೇ ಅಲ್ಲ ಕಣೋ, ಬಾಬಾಬುಡನ್ ತಂದ ಅಸಲಿ ತಳಿ ಇದು, ಕೀಳಬೇಡ" ಅಂತ ಬೇಜಾರು ಮಾಡಿಕೊಂಡಿದ್ದಾರೆ. ಎರಡೂ ಅಕ್ಕಪಕ್ಕ ಹಾಕಿದರೆ ತಳಿ ಬೆರೆತು ಅರೇಬಿಕಾ ರುಚಿ ಕೆಡುತ್ತದೆ ಅಂತಲೂ ಒಬ್ಬರು ಹೇಳಿದರು. ಒಂದು ಸಣ್ಣ ಕೆರೆ ಇದೆ, ಮಾರ್ಚ್ ಕೊನೆಗೆ ತಳ ಕಾಣುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಸೇರಿಕೊಂಡಿವೆ. ಬೋರರ್ ಬಿಟ್ಟರೆ ತೋಟವೇ ಮುಗಿಯುತ್ತದೆ ಅನ್ನುವುದು ಒಂದು. ಅಪ್ಪ ಹಾಕಿದ ಗಿಡ ಕಿತ್ತರೆ ಮತ್ತೆ ಸಿಗದ ಹಳೆ ತಳಿಯನ್ನು ಕೈಯಾರೆ ಕಳೆದುಕೊಂಡ ಹಾಗೆ ಅನ್ನುವುದು ಇನ್ನೊಂದು. ಮೊದಲನೆಯ ಭಯಕ್ಕೆ ಕಾರಣ ಇದೆ, ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾಕೆಂದರೆ ನಿಮಗೆ ಸಲಹೆ ಕೊಟ್ಟ ನಾಲ್ಕೂ ಜನ ಗಿಡದ ಹೆಸರು ಹೇಳಿದ್ದಾರೆ, ಅದು ಎಲ್ಲಿಂದ ಬಂತು ಅಂತ ಯಾರೂ ಸರಿಯಾಗಿ ಹೇಳಿಲ್ಲ. ಕಾಫಿಯಲ್ಲಿ ಒಂದು ತಳಿಗೆ ಯಾವ ರೋಗ ಬರುತ್ತದೆ, ಎಷ್ಟು ನೀರು ಬೇಕು, ಎಷ್ಟು ನೆರಳು ಬೇಕು ಅನ್ನುವುದೆಲ್ಲ ಅದರ ತಂದೆ-ತಾಯಿ ಯಾರು ಅನ್ನುವುದರ ಮೇಲೆ ನಿಂತಿದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ದೊಡ್ಡಪ್ಪನ ಮಾತು. ರೋಬಸ್ಟಾ ಕಾಫಿನೇ ಅಲ್ಲ ಅಂತ ಮಲೆನಾಡಿನಲ್ಲಿ ಹೇಳುವವರು ತುಂಬಾ ಜನ ಇದ್ದಾರೆ. ನಿಜ ಏನೆಂದರೆ ಅರೇಬಿಕಾವನ್ನು ಹುಟ್ಟಿಸಿದ್ದೇ ರೋಬಸ್ಟಾದ ಜಾತಿ. ಆಫ್ರಿಕಾದಲ್ಲಿ ಬಹಳ ಹಿಂದೆ, ಮನುಷ್ಯರ ಕೈ ಸೋಕದೆ, ಕಾಡಿನಲ್ಲೇ ಎರಡು ಕಾಫಿ ಜಾತಿಗಳು ಬೆರೆತವು. ಒಂದು ಕೆನಿಫೋರಾ, ಅಂದರೆ ನಾವು ರೋಬಸ್ಟಾ ಅನ್ನುವುದು. ಇನ್ನೊಂದು ಯುಜಿನಾಯ್ಡಿಸ್ ಅನ್ನುವ, ಕೆಫೀನ್ ತೀರಾ ಕಡಿಮೆ ಇರುವ ಸಣ್ಣ ಗಿಡ. ಈ ಎರಡರಲ್ಲೂ 22 ವರ್ಣತಂತುಗಳಿವೆ, ಎರಡೂ ಸೇರಿ 44 ಇರುವ ಅರೇಬಿಕಾ ಆಯಿತು. ಆಮೇಲೆ ಅದು ಇಥಿಯೋಪಿಯಾದ ನೈಋತ್ಯ ಭಾಗದ ಎತ್ತರದ ಕಾಡುಗಳಲ್ಲಿ, ದೊಡ್ಡ ಮರಗಳ ಕೆಳಗೆ, ತಂಪಿನಲ್ಲಿ ನೆಲೆ ನಿಂತಿತು. ಹಾಗಾಗಿ ರೋಬಸ್ಟಾ ಕಾಫಿ ಅಲ್ಲ ಅನ್ನುವುದು ಹೆತ್ತವರು ನಮ್ಮ ಮನೆಯವರಲ್ಲ ಅಂದಹಾಗೆ.

ಈ ಕಥೆಯಲ್ಲಿ ನಿಮ್ಮ ತೋಟಕ್ಕೆ ಬೇಕಾದ ಎರಡು ವಿಷಯ ಇವೆ. ಒಂದು, ಅರೇಬಿಕಾ ನೆರಳಿನ ಗಿಡ, ತಂಪಿನ ಗಿಡ. ಇದನ್ನು ಮರೆತಾಗಲೆಲ್ಲ ನಾವು ಪೆಟ್ಟು ತಿಂದಿದ್ದೇವೆ. ಎರಡು, ಅರೇಬಿಕಾ ತನ್ನ ಹೂವಿನಲ್ಲಿ ತಾನೇ ಪರಾಗಸ್ಪರ್ಶ ಮಾಡಿಕೊಂಡು ಕಾಯಿ ಕಟ್ಟುತ್ತದೆ. ಒಂದೇ ಬೀಜದಿಂದ ಒಂದು ತೋಟವನ್ನೇ ಮಾಡಬಹುದು, ಆದರೆ ಎಲ್ಲಾ ಗಿಡಗಳೂ ಒಂದೇ ರಕ್ತದವು. ಒಂದು ರೋಗ ಬಂದರೆ ತಡೆದುಕೊಳ್ಳುವ ಶಕ್ತಿ ಒಂದಕ್ಕೂ ಇರುವುದಿಲ್ಲ.

ಇಥಿಯೋಪಿಯಾದಿಂದ ಅರೇಬಿಕಾ ಕೆಂಪು ಸಮುದ್ರ ದಾಟಿ ಯೆಮನ್‌ಗೆ ಹೋಯಿತು. ಅದನ್ನು ಬೆಳೆಯಾಗಿ ಬೆಳೆಸಿ, ಕುಡಿದು, ಮೋಖಾ ಬಂದರಿನಿಂದ ಜಗತ್ತಿಗೆ ಮಾರಿದವರು ಯೆಮನ್ ಜನ. ಅಲ್ಲಿಂದ ಬಾಬಾಬುಡನ್ ಅವರು 1670ರ ಸುಮಾರಿಗೆ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನುವುದು ನಾವೆಲ್ಲ ಕೇಳಿ ಬೆಳೆದ ಕಥೆ. ಏಳೇ ಬೀಜ ಅನ್ನುವುದಕ್ಕೆ ಕಾಗದ ಪತ್ರ ಕೇಳಿದರೆ ಯಾರೂ ತೋರಿಸಲಾರರು. ಆದರೆ ಯೆಮನ್‌ನ ಕಾಫಿ ಆ ಕಾಲದಲ್ಲೇ ನಮ್ಮ ಪಶ್ಚಿಮ ಘಟ್ಟಕ್ಕೆ ಬಂದಿತ್ತು ಅನ್ನುವುದರಲ್ಲಿ ಅನುಮಾನ ಇಲ್ಲ. 1690ರ ದಶಕದಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದಲೇ ಕಾಫಿ ಬೀಜ ತೆಗೆದುಕೊಂಡು ಹೋಗಿ ಜಾವಾದಲ್ಲಿ ಬೆಳೆಸಿದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಗಿಡ ಹೋಯಿತು, ಅದರ ಸಂತಾನ ಮುಂದೆ ಕೆರಿಬಿಯನ್ ದ್ವೀಪಗಳಿಗೂ ದಕ್ಷಿಣ ಅಮೆರಿಕಕ್ಕೂ ಹರಡಿತು. ಟಿಪಿಕಾ ಅಂತ ಇವತ್ತು ಲ್ಯಾಟಿನ್ ಅಮೆರಿಕದ ತೋಟಗಳಲ್ಲಿ ಯಾವ ತಳಿಗೆ ಹೆಸರು ಹೇಳುತ್ತಾರೋ, ಅದು ನಮ್ಮ ಕರಾವಳಿ ದಾಟಿ ಹೋದದ್ದು. ಇದು ನನಗೆ ಪ್ರತಿ ಸಲವೂ ಹೆಮ್ಮೆ ಅನ್ನಿಸುವ ವಿಷಯ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಆದರೆ ನಿಮ್ಮ ತೋಟದಲ್ಲಿರುವುದು ಆ ತಳಿ ಅಲ್ಲ. ಇದನ್ನು ದೊಡ್ಡಪ್ಪನಿಗೆ ನಿಧಾನವಾಗಿ ಹೇಳಿ. ಯೆಮನ್‌ನಿಂದ ಬಂದ ಹಳೆ ತಳಿಯನ್ನು ಚಿಕ್ಸ್ ಅನ್ನುತ್ತಿದ್ದರು, ಕೊಡಗಿನಲ್ಲಿ ಕೂರ್ಗ್ಸ್ ಅಂತ ಒಂದು ಇತ್ತು. 1869ರಲ್ಲಿ ಸಿಲೋನ್‌ನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಎಲೆ ತುಕ್ಕು ರೋಗ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಅಳಿಸಿಹಾಕಿತು, ಅವರು ಟೀ ಕಡೆ ತಿರುಗಿದರು. ಅದೇ ತುಕ್ಕು ಹೆಚ್ಚು ತಡ ಮಾಡದೆ ನಮ್ಮಲ್ಲಿಗೂ ಬಂತು, ಹಳೆ ತಳಿಗಳು ನಿಲ್ಲಲಿಲ್ಲ. ಆಗ ತೋಟಗಾರರು ತುಕ್ಕು ತಡೆಯುವ ಗಿಡ ಹುಡುಕತೊಡಗಿದರು. 1911ರಲ್ಲಿ ಕೆಂಟ್ ಅನ್ನುವ ತೋಟಗಾರರು ತಮ್ಮ ತೋಟದಲ್ಲಿ ಆರಿಸಿದ ಗಿಡ ಕೆಂಟ್ಸ್ ತಳಿಯಾಯಿತು. ಕೆಲವು ವರ್ಷ ಚೆನ್ನಾಗಿತ್ತು, ಆಮೇಲೆ ತುಕ್ಕು ಅದನ್ನೂ ಹಿಡಿಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ಶುರು ಮಾಡಿತು. ಆಗ ಕೃಷಿ ನಿರ್ದೇಶಕರಾಗಿದ್ದವರು ಕೆನಡಾದ ಡಾ. ಲೆಸ್ಲಿ ಕೋಲ್ಮನ್. ಈಗ ಅದೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಿಮ್ಮ ಎಸ್.795 ಹುಟ್ಟಿದ್ದು ಅಲ್ಲಿ, 1940ರ ದಶಕದಲ್ಲಿ.

ಅದರ ವಂಶ ನೋಡಿ. ಒಂದು ಕಡೆ ಕೆಂಟ್ಸ್. ಇನ್ನೊಂದು ಕಡೆ ಎಸ್.288. ಈ ಎಸ್.288 ಬಂದದ್ದು ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಬೆರೆತು ಹುಟ್ಟಿದ ಒಂದು ಗಿಡದಿಂದ. ಲೈಬೀರಿಕಾ ಅಂದರೆ ಪಶ್ಚಿಮ ಆಫ್ರಿಕಾದ, ಮರದಷ್ಟು ಎತ್ತರ ಹೋಗುವ, ಅಂಗೈ ಮೀರುವ ಅಗಲ ಎಲೆಯ ಇನ್ನೊಂದು ಕಾಫಿ ಜಾತಿ. ಆ ರಕ್ತದಿಂದಲೇ ಎಸ್.795ಕ್ಕೆ ಅಷ್ಟು ವರ್ಷ ತುಕ್ಕು ತಡೆಯುವ ಶಕ್ತಿ ಇತ್ತು. ಕೆಂಟ್ಸ್‌ನಿಂದ ರುಚಿ ಬಂತು. ಅಪ್ಪ ಹಾಕಿದ್ದು ಒಳ್ಳೆಯ ತಳಿ, ಜಗತ್ತಿನಲ್ಲಿ ಎಲ್ಲಿ ಬೇಕಾದರೂ ತಲೆ ಎತ್ತಿ ನಿಲ್ಲುವಂಥ ಕಾಫಿ. ಆದರೆ ಅದು ಮತ್ತೆ ಸಿಗದ ತಳಿ ಅಲ್ಲ, ಅದರ ಬೀಜ ಇವತ್ತೂ ಸಿಗುತ್ತದೆ. ಕಿತ್ತ ಜಾಗಕ್ಕೆ ಅದನ್ನೇ ಹಾಕಬಹುದು. ಈ ಒಂದು ವಿಷಯ ಮನಸ್ಸಿಗೆ ಬಂದರೆ ಅರ್ಧ ಭಾರ ಇಳಿಯುತ್ತದೆ ಅಲ್ವಾ?

ಇನ್ನು ಬೋರರ್. ಬೋರರ್ ಅಂದರೆ ಬಿಳಿ ಕಾಂಡ ಕೊರಕ, ಒಂದು ಜೀರುಂಡೆಯ ಮರಿ ಹುಳು, ಅದು ಹೊಸ ಶತ್ರು ಅಲ್ಲ. 1860ರ ದಶಕದಲ್ಲೇ ಮೈಸೂರು, ಕೊಡಗಿನ ತೋಟಗಳನ್ನು ಅದು ಹಾಳು ಮಾಡಿತ್ತು. ಆಗ ಸರ್ಕಾರ ಕಳಿಸಿದ ಡಾ. ಬೀಡಿ ಅನ್ನುವವರು ತೋಟ ತೋಟ ತಿರುಗಿ ವರದಿ ಕೊಟ್ಟರು, ನೆರಳು ಕಡಿದ ತೋಟಗಳಲ್ಲೇ ಹಾನಿ ಜಾಸ್ತಿ ಅನ್ನುವುದು ಅದರ ಮುಖ್ಯ ಮಾತು. ಒಂದೂವರೆ ಶತಮಾನ ಆದ ಮೇಲೂ ನಾನು ತೋಟಗಳಲ್ಲಿ ನೋಡುವುದು ಅದನ್ನೇ. ಸಿಲ್ವರ್ ಓಕ್ ಬಿಟ್ಟು ಬೇರೆ ಮರ ಇಲ್ಲದ ಬ್ಲಾಕ್, ಅಥವಾ ಮರಗಸಿ (ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕೈ ಮೀರಿ ಕಡಿದ ಬ್ಲಾಕ್, ಅಥವಾ ದಕ್ಷಿಣ, ಪಶ್ಚಿಮಕ್ಕೆ ಇಳಿಜಾರಿರುವ ಬಿಸಿಲು ಹೊಡೆಯುವ ಬ್ಲಾಕ್, ಅಲ್ಲೇ ಬೋರರ್ ಮೊದಲು.

ಯಾಕೆ ಅಂದರೆ, ಆ ಜೀರುಂಡೆ ಬಿಸಿಲಿನಲ್ಲಿ ಚುರುಕಾಗುತ್ತದೆ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಸಲ ಹೊರಗೆ ಬರುತ್ತದೆ. ಬಿಸಿಲು ಬಿದ್ದ ಕಾಂಡದ ಮೇಲೆ ಓಡಾಡಿ, ತೊಗಟೆ ಎದ್ದ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಹುಳು ಮೊದಲು ತೊಗಟೆಯ ಕೆಳಗೇ ತಿನ್ನುತ್ತದೆ, ಆಗ ಕಾಂಡದ ಮೇಲೆ ಬಳೆ ಬಳೆಯಾಗಿ ಉಬ್ಬು ಏಳುತ್ತದೆ. ಬೆರಳು ಆಡಿಸಿದರೆ ಕೈಗೆ ಸಿಗುತ್ತದೆ. ಆಮೇಲೆ ಗಟ್ಟಿ ಮರದ ಒಳಗೆ ಹೋಗುತ್ತದೆ. ಅಂಥ ಒಂದು ಗಿಡವನ್ನು ಕಿತ್ತು ಕತ್ತಿಯಲ್ಲಿ ಉದ್ದಕ್ಕೆ ಸೀಳಿ ನೋಡಿ. ಒಳಗೆ ಅಂಕುಡೊಂಕು ದಾರಿ, ಆ ದಾರಿ ತುಂಬಾ ಹುಳು ಅಗಿದು ಬಿಟ್ಟ ಪುಡಿ, ಕೈಯಿಂದ ಕೆದಕಿದರೂ ಬಾರದಷ್ಟು ಗಟ್ಟಿಯಾಗಿ ಜಡಿದಿರುತ್ತದೆ. ಹುಳು ಒಳಗೆ ಹೋದ ಮೇಲೆ ಯಾವ ಔಷಧಿ ಹೊಡೆದರೂ ಪ್ರಯೋಜನ ಇಲ್ಲ ಅನ್ನುವುದು ಅದನ್ನು ನೋಡಿದರೆ ತಾನೇ ಅರ್ಥ ಆಗುತ್ತದೆ. ಅಂಗಡಿಯವರು ಕೊಡುವ ಬಾಟಲಿಗೆ ದುಡ್ಡು ಸುರಿಯಬೇಡಿ.

ಹಾಗಾದರೆ ಚಂದ್ರಗಿರಿಗೆ ಬೋರರ್ ಮುಟ್ಟುವುದಿಲ್ಲವಾ? ಮುಟ್ಟುತ್ತದೆ. ಬೋರರ್ ಹತ್ತಿರ ಬಾರದ ಅರೇಬಿಕಾ ತಳಿ ತೋಟಗಾರರ ಕೈಗೆ ಇನ್ನೂ ಬಂದಿಲ್ಲ. ನರ್ಸರಿಯವರು ಸುಳ್ಳು ಹೇಳುತ್ತಿದ್ದಾರೆ ಅಂತಲೂ ನಾನು ಹೇಳುವುದಿಲ್ಲ, ಎರಡು ಬೇರೆ ವಿಷಯ ಕಲಸಿಹೋಗಿವೆ. ಚಂದ್ರಗಿರಿ ಹೆಸರಾದದ್ದು ತುಕ್ಕು ರೋಗ ತಡೆಯುವುದಕ್ಕೆ. ಅದರ ವಂಶದಲ್ಲಿ ಟೈಮೋರ್ ಹೈಬ್ರಿಡ್ ಇದೆ. ಟೈಮೋರ್ ದ್ವೀಪದಲ್ಲಿ 1920ರ ದಶಕದಲ್ಲಿ ಸಿಕ್ಕ, ಅರೇಬಿಕಾ-ರೋಬಸ್ಟಾ ತಾವಾಗಿ ಬೆರೆತ ಗಿಡ ಅದು. ಅದನ್ನು ವಿಲ್ಲಾ ಸಾರ್ಚಿ ಅನ್ನುವ ಗಿಡ್ಡ ಅರೇಬಿಕಾ ಜೊತೆ ಸೇರಿಸಿದ ತಳಿ ಚಂದ್ರಗಿರಿ, 2007ರಲ್ಲಿ ತೋಟಗಾರರಿಗೆ ಕೊಟ್ಟರು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಇದೇ ಟೈಮೋರ್ ಹೈಬ್ರಿಡ್ಡನ್ನು ಕಟುರಾ ಅನ್ನುವ ಇನ್ನೊಂದು ಅರೇಬಿಕಾ ಜೊತೆ ಸೇರಿಸಿದ ಕಾವೇರಿ ತಳಿ ಬಂದಿತ್ತು. ಅಂದರೆ ನಿಮ್ಮ ದೊಡ್ಡಪ್ಪ ಬೇಡ ಅನ್ನುವ ರೋಬಸ್ಟಾ ರಕ್ತ ಚಂದ್ರಗಿರಿಯಲ್ಲೂ ಇದೆ, ತುಕ್ಕಿನಿಂದ ಅದನ್ನು ಕಾಯುವುದೂ ಆ ರಕ್ತವೇ. ಗಿಡ ಗಿಡ್ಡ, ಪೊದೆ ಹಾಗೆ ದಟ್ಟ, ಎಲೆ ದಪ್ಪ ಹಸಿರು, ಕೆಳಗಿನ ರೆಕ್ಕೆಗಳು, ಅಂದರೆ ಕೊಂಬೆಗಳು, ಕಾಂಡವನ್ನು ಮುಚ್ಚುತ್ತವೆ. ಕಾಂಡಕ್ಕೆ ಬಿಸಿಲು ಕಡಿಮೆ ಬೀಳುವುದರಿಂದ ಬೋರರ್ ಸ್ವಲ್ಪ ಕಡಿಮೆ ಅಂತ ಕೆಲವು ತೋಟಗಾರರು ಹೇಳುವುದುಂಟು. ಸ್ವಲ್ಪ ಕಡಿಮೆ ಬೇರೆ, ಮುಟ್ಟುವುದೇ ಇಲ್ಲ ಬೇರೆ.

ಚಂದ್ರಗಿರಿಯ ನಿಜವಾದ ಕಷ್ಟ ಇನ್ನೊಂದು ಕಡೆ ಇದೆ. ಅದು ಚಿಕ್ಕ ವಯಸ್ಸಿನಲ್ಲೇ ಜೋರು ಫಸಲು ಕೊಡುತ್ತದೆ. ಹೊಟ್ಟೆಗೆ ಬೇಕಾದಷ್ಟು ಗೊಬ್ಬರ ಬೀಳದಿದ್ದರೆ ರೆಕ್ಕೆ ಒಣಗುತ್ತದೆ, ಮುಂದಿನ ವರ್ಷ ಗಿಡ ಬಡವಾಗುತ್ತದೆ. ದಿನಾ ತೋಟದಲ್ಲಿ ಕಣ್ಣಿಟ್ಟಿರುವವರಿಗೆ, ಮೂರು ಸಲ ಗೊಬ್ಬರ ಹಾಕುವವರಿಗೆ ಅದು ಒಳ್ಳೆಯ ಗಿಡ. ಎಸ್.795 ಹಾಗಲ್ಲ. ಎತ್ತರ ಬೆಳೆಯುತ್ತದೆ, ಫಸಲು ನಿಧಾನ, ಒಂದು ವರ್ಷ ನೋಡಿಕೊಳ್ಳದಿದ್ದರೂ ಸಹಿಸಿಕೊಳ್ಳುತ್ತದೆ. ಅಮ್ಮ ಒಬ್ಬರೇ ನೋಡಿಕೊಳ್ಳುವ ತೋಟ ಅನ್ನುವುದನ್ನು ನಾನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, ನೀವೂ ತೆಗೆದುಕೊಳ್ಳಿ.

ಈಗ ಪಕ್ಕದ ತೋಟದವರ ಸಲಹೆ. ರೋಬಸ್ಟಾ ಹಾಕಿದರೆ ಬಿಳಿ ಕಾಂಡ ಕೊರಕದ ಚಿಂತೆ ಹೋಗುತ್ತದೆ, ಇದು ನಿಜ. ತುಕ್ಕಿನ ಚಿಂತೆಯೂ ಬಹುಪಾಲು ಹೋಗುತ್ತದೆ. ಆದರೆ ರೋಬಸ್ಟಾ ಎಲ್ಲಿಯದು? ಆಫ್ರಿಕಾದ ನಡುಭಾಗದ, ಕಾಂಗೋ ಕಡೆಯ ಕೆಳಮಟ್ಟದ ಕಾಡಿನದು. ಬಿಸಿ, ತೇವ ಎರಡೂ ಇರುವ ಜಾಗ. 1900ರ ಹೊತ್ತಿಗೆ ತುಕ್ಕಿನಿಂದ ಅರೇಬಿಕಾ ಹಾಳಾದ ಜಾವಾದಲ್ಲಿ ಅದನ್ನು ಬೆಳೆಸತೊಡಗಿದರು, ಆಮೇಲೆ ನಮ್ಮಲ್ಲಿಗೂ ಬಂತು. ಕೊಡಗಿನಲ್ಲಿ ಹಳಬರು ಇವತ್ತೂ ಪೆರಿಡೇನಿಯಾ ಅನ್ನುವುದು ಸಿಲೋನ್‌ನ ಪೆರಾದೆನಿಯಾದಿಂದ ಬಂದ ಹಳೆ ರೋಬಸ್ಟಾವನ್ನೇ. ಅದರ ಬೇರು ನೆಲದ ಮೇಲ್ಪದರದಲ್ಲೇ ಜಾಸ್ತಿ ಹರಡುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಮೊಗ್ಗು ಅರಳಿಸುವ ಹೂಮಳೆ ಬೀಳಲೇಬೇಕು, ಆಮೇಲೆ ಹದಿನೈದು ಇಪ್ಪತ್ತು ದಿನದಲ್ಲಿ ಕಾಯಿ ಕಟ್ಟಲು ಬ್ಯಾಕಿಂಗ್ ಮಳೆಯೂ ಬೇಕು. ಬೀಳದಿದ್ದರೆ ನೀವೇ ಸ್ಪ್ರಿಂಕ್ಲರ್ ಹಾಕಬೇಕು. ಅರೇಬಿಕಾಗೂ ಹೂಮಳೆ ಬೇಕು, ಆದರೆ ಅದು ಸ್ವಲ್ಪ ತಡವಾದರೂ ಕಾಯುತ್ತದೆ. ರೋಬಸ್ಟಾ ಕಾಯುವುದಿಲ್ಲ, ಮೊಗ್ಗು ಒಣಗಿದರೆ ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಲೆಕ್ಕ ಹಾಕೋಣ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು ಹಿಡಿದರೆ ಎಕರೆಗೆ ಎರಡೂವರೆ ಲಕ್ಷ ಲೀಟರ್. ನಾಲ್ಕು ಎಕರೆಗೆ 10 ಲಕ್ಷ ಲೀಟರ್. ನಿಮ್ಮ ಕೆರೆ ಮಾರ್ಚ್ ಕೊನೆಗೆ ತಳ ಕಾಣುತ್ತದೆ ಅಂತ ಬರೆದಿದ್ದೀರಿ. ಕೆರೆಯ ಉದ್ದ, ಅಗಲ, ಫೆಬ್ರವರಿಯಲ್ಲಿ ಇರುವ ಆಳ ಅಳೆಯಿರಿ, ಮೀಟರ್ ಲೆಕ್ಕದಲ್ಲಿ ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಕೆರೆಯ ಬದಿ ಇಳಿಜಾರು ಇರುವುದರಿಂದ ಅದರಲ್ಲಿ ಮೂರನೇ ಒಂದು ಭಾಗ ಕಳೆದುಬಿಡಿ. ಉಳಿದದ್ದು ಎಷ್ಟು ಎಕರೆ ರೋಬಸ್ಟಾಗೆ ಸಾಕೋ, ಅಷ್ಟೇ ಎಕರೆ ರೋಬಸ್ಟಾ ಹಾಕಬೇಕು. ರೇಟು ನೋಡಿ ಎಕರೆ ನಿರ್ಧಾರ ಮಾಡಬೇಡಿ.

ರೇಟಿನ ಬಗ್ಗೆಯೂ ಒಂದು ಮಾತು. ವಿಯೆಟ್ನಾಂನಲ್ಲಿ ಬರ ಬಿದ್ದು 2024ರಲ್ಲಿ ರೋಬಸ್ಟಾ ಬೆಲೆ ದಶಕಗಳಲ್ಲಿ ಕಾಣದ ಎತ್ತರಕ್ಕೆ ಹೋಯಿತು, ಆಗಿನಿಂದ ಮಲೆನಾಡಿನಲ್ಲಿ ಎಲ್ಲಿ ಕೂತರೂ ಇದೇ ಮಾತು. ಅದಕ್ಕೂ ಮೊದಲು ಎಷ್ಟೋ ವರ್ಷ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರಿ ಕುಯ್ಲಿನ ಕೂಲಿ ಹುಟ್ಟುವುದೇ ಕಷ್ಟ ಇತ್ತು ಅನ್ನುವುದು ಅದೇ ಜನಕ್ಕೆ ಗೊತ್ತಿದೆ. ನೀವು ಈಗ ನೆಟ್ಟ ರೋಬಸ್ಟಾ ಸರಿಯಾಗಿ ಫಸಲಿಗೆ ಬರಲು ನಾಲ್ಕೈದು ವರ್ಷ ಬೇಕು, ಆಮೇಲೆ ಅದು ನಲವತ್ತು ಐವತ್ತು ವರ್ಷ ಅಲ್ಲೇ ನಿಲ್ಲುತ್ತದೆ. ಇವತ್ತಿನ ಬೆಲೆ ನೋಡಿ ಅಷ್ಟು ವರ್ಷದ ಗಿಡ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ರೋಬಸ್ಟಾಗೆ ರೋಗ ಇಲ್ಲ ಅನ್ನುವುದೂ ಅರ್ಧ ಸತ್ಯ. ಕಾಂಡ ಕೊರಕ ಇಲ್ಲದಿದ್ದರೆ ಕಾಯಿ ಕೊರಕ ಇದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ನಮ್ಮ ದೇಶಕ್ಕೆ ಮೊದಲು ಕಾಣಿಸಿಕೊಂಡ ಹುಳು, ಈಗ ಎಲ್ಲ ಕಡೆ ಇದೆ. ಕಾಯಿಯ ತುದಿಯಲ್ಲಿ ಸೂಜಿ ಚುಚ್ಚಿದಂಥ ಒಂದು ತೂತು, ಒಳಗೆ ಬೀಜ ಪುಡಿ. ಇದಕ್ಕೆ ದೊಡ್ಡ ಔಷಧಿ ಅಂದರೆ ಕುಯ್ಲು ಆದ ಮೇಲೆ ಗಿಡದಲ್ಲಿ, ನೆಲದಲ್ಲಿ ಒಂದು ಕಾಯಿಯನ್ನೂ ಬಿಡದೆ ಹೆಕ್ಕುವುದು. ನೆಲ ಹೆಕ್ಕಲು ಆಳು ಬೇಕು, ನಿಂತು ಮಾಡಿಸುವವರು ಬೇಕು. ಮೊದಲು ಹೇಳಿದ ಅಮ್ಮ ಒಬ್ಬರೇ ಅನ್ನುವ ಮಾತು ಇಲ್ಲೂ ಬರುತ್ತದೆ.

ಎರಡೂ ಅಕ್ಕಪಕ್ಕ ಇದ್ದರೆ ಬೆರೆತು ರುಚಿ ಕೆಡುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಆ ಭಯ ಬಿಟ್ಟುಬಿಡಿ. ಅರೇಬಿಕಾದ ವರ್ಣತಂತು 44, ರೋಬಸ್ಟಾದ್ದು 22, ಸುಲಭಕ್ಕೆ ಬೆರೆಯುವುದಿಲ್ಲ. ಟೈಮೋರ್‌ನಲ್ಲಿ ಆದದ್ದು, ಕೊಡಗಿನಲ್ಲಿ ದೇವಮಾಚಿ ಅನ್ನುವ ಗಿಡ ಸಿಕ್ಕಿದ್ದು, ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿ. ನಿಮ್ಮ ಕಪ್ಪಿನ ರುಚಿ ಕೆಡುವುದು ತೋಟದಲ್ಲಲ್ಲ, ಕಣದಲ್ಲಿ. ಅರೇಬಿಕಾ ನವೆಂಬರ್‌ನಿಂದ ಜನವರಿಗೆ ಹಣ್ಣಾಗುತ್ತದೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ಗೆ. ನಡುವೆ ಎರಡೂ ಒಟ್ಟಿಗೆ ಕಣಕ್ಕೆ ಬಂದಾಗ ಆಳುಗಳು ಒಂದೇ ರಾಶಿಗೆ ಸುರಿದರೆ ಅರೇಬಿಕಾ ಬೆಲೆಯೂ ಹೋಯಿತು, ರುಚಿಯೂ ಹೋಯಿತು. ಒಂದೇ ಬ್ಲಾಕಿನಲ್ಲಿ ಗಿಡದ ಮಧ್ಯೆ ಗಿಡ ಹಾಕಬೇಡಿ, ಅಷ್ಟೇ. ಅರೇಬಿಕಾಗೆ ನೆರಳು ಜಾಸ್ತಿ ಬೇಕು, ರೋಬಸ್ಟಾಗೆ ಬೆಳಕು ಜಾಸ್ತಿ ಬೇಕು. ಒಂದಕ್ಕೆ ಮರಗಸಿ ಮಾಡಿದರೆ ಪಕ್ಕದ ಅರೇಬಿಕಾ ಬೋರರ್ ಪಾಲಾಗುತ್ತದೆ. ಬೋರರ್‌ಗೆ ಹೋದ ಗುಂಡಿಗಳಲ್ಲೆಲ್ಲ ರೋಬಸ್ಟಾ ಸಸಿ ತುಂಬುವ ಅಭ್ಯಾಸ ಈಗ ಎಲ್ಲ ಕಡೆ ಕಾಣುತ್ತದೆ, ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಅದು ಅರೇಬಿಕಾ ತೋಟವೂ ಅಲ್ಲ, ರೋಬಸ್ಟಾ ತೋಟವೂ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ತೋಟ ಕಣ್ಣಾರೆ ನೋಡದೆ ಹೇಳುತ್ತಿರುವುದರಿಂದ ಹತ್ತಿರದ ಕಾಫಿ ಮಂಡಳಿ ವಿಸ್ತರಣಾ ಕಚೇರಿಯವರನ್ನು ಒಂದು ಸಲ ಕರೆಸಿ ತೋರಿಸಿ, ಅವರು ಬರುತ್ತಾರೆ.

ಮೇಲಿನ ಒಂದೂವರೆ ಎಕರೆಯನ್ನು ಅರೇಬಿಕಾವಾಗಿಯೇ ಇಡುತ್ತಿದ್ದೆ. ಅರೇಬಿಕಾಗೆ ಸಾಮಾನ್ಯವಾಗಿ 1,000 ಮೀಟರ್, ಅಂದರೆ ಸುಮಾರು 3,300 ಅಡಿಯಿಂದ ಮೇಲೆ ಒಳ್ಳೆಯದು ಅನ್ನುತ್ತಾರೆ. ಮೇಲಿನ ಬ್ಲಾಕ್ ಅದಕ್ಕೆ ಹತ್ತಿರ ಇದೆ. ಖಾಲಿ ಗುಂಡಿಗಳಿಗೆ ಎಸ್.795ನ್ನೇ ತುಂಬಿ. ನೆರಳು ತೆಳುವಾಗಿದ್ದರೆ ಮಳೆ ಶುರುವಾದ ಕೂಡಲೇ ಹಾಲವಾಣದ ಗೂಟ ನೆಡಿಸಿ, ಅದು ಬೇಗ ಬರುತ್ತದೆ. ಅತ್ತಿ, ಬಸರಿ, ಹಲಸು ತಾವಾಗಿ ಎದ್ದ ಸಸಿಗಳಿದ್ದರೆ ಕಳೆ ತೆಗೆಯುವವರಿಗೆ ಹೇಳಿ ಉಳಿಸಿಕೊಳ್ಳಿ.

ಕೆಳಗಿನ ಎರಡೂವರೆ ಎಕರೆ ಒಂದೇ ಸಲಕ್ಕೆ ಕೀಳಬೇಡಿ. ಎಲ್ಲಾ ಕಿತ್ತರೆ ನಾಲ್ಕು ವರ್ಷ ಅಲ್ಲಿಂದ ಕಾಫಿ ದುಡ್ಡು ಬರುವುದಿಲ್ಲ, ಖರ್ಚು ಮಾತ್ರ ಬರುತ್ತದೆ. ಕಾಫಿ ಕಿತ್ತ ಇಳಿಜಾರಿನಲ್ಲಿ ಜೂನ್-ಜುಲೈ ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗುವುದು ಇನ್ನೊಂದು. ಕೆರೆಗೆ ಹತ್ತಿರ ಇರುವ, ಗಿಡ ಜಾಸ್ತಿ ಹೋಗಿರುವ ಒಂದು ಎಕರೆಯನ್ನು ಮೊದಲು ರೋಬಸ್ಟಾಗೆ ಬಿಡಿ, ನೀರಿನ ಲೆಕ್ಕ ಹೊಂದಿದರೆ ಮಾತ್ರ. ಅದು ಕಾಯಿ ಹಿಡಿಯುವುದನ್ನು ನೋಡಿಕೊಂಡು ಉಳಿದದ್ದು. ಆ ಒಂದು ಎಕರೆಯ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದರೆ ನಡುವಿನ ವರ್ಷಗಳಿಗೆ ಸ್ವಲ್ಪ ಆಸರೆ ಆಗುತ್ತದೆ. ನೀರಿನ ಲೆಕ್ಕ ಹೊಂದದಿದ್ದರೆ ಅಲ್ಲೂ ಅರೇಬಿಕಾನೇ, ನೆರಳು ಹೆಚ್ಚಿಸಿ.

ರೋಬಸ್ಟಾದಲ್ಲಿ ಎರಡು ತಳಿ ನಿಮ್ಮ ಕಿವಿಗೆ ಬೀಳುತ್ತವೆ. ಎಸ್.274 ದೊಡ್ಡ ಗಿಡ, ಹತ್ತಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 435 ಗಿಡ, ಬೀಜ ದಪ್ಪ. ಸಿಎಕ್ಸ್‌ಆರ್ ಅನ್ನುವುದು ಕಾಂಜೆನ್ಸಿಸ್ ಅನ್ನುವ ಇನ್ನೊಂದು ಕಾಡು ಕಾಫಿಯನ್ನು ರೋಬಸ್ಟಾಗೆ ಸೇರಿಸಿದ್ದು. ಗಿಡ ಚಿಕ್ಕದು, ಹತ್ತಿರ ಹತ್ತಿರ ನೆಡಬಹುದು, ರುಚಿ ಮೃದು, ಕುಯ್ಯಲು ಸುಲಭ, ಆದರೆ ನೀರು ಚೆನ್ನಾಗಿ ಇರಲೇಬೇಕು. ಕಾಂಜೆನ್ಸಿಸ್ ಹುಟ್ಟಿದ್ದೇ ಕಾಂಗೋ ನದಿಯ ದಡದಲ್ಲಿ ಅನ್ನುವುದನ್ನು ನೆನಪಿಟ್ಟರೆ ಇದು ಆಶ್ಚರ್ಯ ಅಲ್ಲ. ನಿಮ್ಮ ಕೆರೆಯ ಪರಿಸ್ಥಿತಿಗೆ ನಾನು ಎಸ್.274 ಕಡೆಗೇ ವಾಲುತ್ತೇನೆ.

ಇಲ್ಲಿ ಜನ ಎಡವುವ ಒಂದು ವಿಷಯ ಹೇಳಲೇಬೇಕು. ಪಕ್ಕದ ತೋಟದ ಒಳ್ಳೆಯ ಗಿಡದಿಂದ ಬೀಜ ತಂದು ಸಸಿ ಮಾಡುವುದು ಅರೇಬಿಕಾದಲ್ಲಿ ಹೇಗೋ ನಡೆಯುತ್ತದೆ. ರೋಬಸ್ಟಾದಲ್ಲಿ ನಡೆಯುವುದಿಲ್ಲ. ರೋಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲಿ, ಜೇನಿನಲ್ಲಿ ಬರಬೇಕು. ಆ ಒಳ್ಳೆಯ ಗಿಡದ ಬೀಜಕ್ಕೆ ತಂದೆ ಯಾರೋ ಗೊತ್ತಿಲ್ಲ, ಮಗು ತಾಯಿ ಹಾಗೆ ಇರುವುದಿಲ್ಲ. ಹಾಗಂತ ಕಸಿ ಮಾಡಿ ಒಂದೇ ಗಿಡದ ಸಂತಾನವನ್ನು ಎಕರೆ ತುಂಬಾ ಹಾಕಿದರೆ ಇನ್ನೊಂದು ಕಷ್ಟ, ಎಲ್ಲವೂ ಒಂದೇ ಗಿಡ ಆದ್ದರಿಂದ ಹೂವು ಮೈತುಂಬಾ ಬಂದರೂ ಕಾಯಿ ಕಟ್ಟುವುದಿಲ್ಲ. ಕಸಿ ಸಸಿ ತರುವುದಾದರೆ ಬೇರೆ ಬೇರೆ ಮೂಲ ಗಿಡದವು ಬೆರೆಸಿ ತರಬೇಕು.

ಅಮ್ಮನಿಗೆ ಮನೆ ಕಾಫಿಯ ರುಚಿ ಹೋಗುತ್ತದೆ ಅನ್ನುವ ಚಿಂತೆ ಇದ್ದರೆ, ಒಂದು ಎಕರೆ ರೋಬಸ್ಟಾ ಬಂದರೂ ಮೇಲಿನ ಬ್ಲಾಕಿನ ಅರೇಬಿಕಾ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಅರೇಬಿಕಾದಲ್ಲಿ ಕೆಫೀನ್ ಸುಮಾರು ನೂರಕ್ಕೆ 1.2, ರೋಬಸ್ಟಾದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು, ಆ ಕಹಿ, ಆ ಗಟ್ಟಿತನ ಅಲ್ಲಿಂದಲೂ ಬರುತ್ತದೆ. ಹಾಲು ಹಾಕಿ ಕುಡಿಯುವ ಫಿಲ್ಟರ್ ಕಾಫಿಗೆ ಸ್ವಲ್ಪ ರೋಬಸ್ಟಾ ಬೆರೆಸಿದರೆ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ. ಹಣ್ಣು ಮಾತ್ರ ಕುಯ್ದು, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ಚೆನ್ನಾಗಿ ತೊಳೆದು ಒಣಗಿಸಿದ ನಮ್ಮ ರೋಬಸ್ಟಾ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಇಟಲಿಯವರು ಎಸ್‌ಪ್ರೆಸೊಗೆ ಕೇಳಿ ಕೊಳ್ಳುತ್ತಾರೆ. ಅದನ್ನು ಕಾಫಿನೇ ಅಲ್ಲ ಅನ್ನುವ ಮೊದಲು ದೊಡ್ಡಪ್ಪ ಒಂದು ಲೋಟ ಕುಡಿದು ನೋಡಲಿ.

ಯಾವ ತಳಿ ಅನ್ನುವುದು ಮುಂದಿನ ಮಳೆಗಾಲದ ಮಾತು. ಈಗ ಮಾಡಬೇಕಾದದ್ದು ಬೋರರ್ ಗಿಡ ಗುರುತಿಸುವುದು. ವರ್ಷಕ್ಕೆ ಎರಡು ಸಲ, ಜೀರುಂಡೆ ಹಾರುವ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಸಾಲು ಹಿಡಿದು ಪ್ರತಿ ಗಿಡ ನೋಡಬೇಕು. ಎಲೆ ಹಳದಿಯಾಗಿ ಜೋತು ಬಿದ್ದದ್ದು, ಕಾಂಡದಲ್ಲಿ ಬಳೆಯಂಥ ಉಬ್ಬು ಇರುವುದು, ಎರಡಕ್ಕೂ ಗುರುತು ಹಾಕಿ ಬೇರು ಸಮೇತ ಕೀಳಿಸಿ. ಕಿತ್ತದ್ದನ್ನು ಅದೇ ವಾರ ಸುಡಬೇಕು. ಬೋರರ್ ಗಿಡವನ್ನು ಸೌದೆಗೆ ಅಂತ ಆಳುಗಳ ಲೈನ್ ಮನೆ ಹಿಂದೆ ಜೋಡಿಸಿಡುವುದನ್ನು ಬಹಳ ಕಡೆ ನೋಡಿದ್ದೇನೆ. ಒಳಗಿನ ಹುಳು ಸೌದೆ ರಾಶಿಯಲ್ಲೇ ಬೆಳೆದು, ಜೀರುಂಡೆಯಾಗಿ ವಾಪಸ್ ತೋಟಕ್ಕೇ ಹಾರುತ್ತದೆ. ಉಳಿದ ಗಿಡಗಳ ಕಾಂಡ, ದಪ್ಪ ರೆಕ್ಕೆಯ ಬುಡ ಎರಡನ್ನೂ ತೆಂಗಿನ ನಾರಿನಲ್ಲಿ ಉಜ್ಜಿಸಿ, ಎದ್ದ ತೊಗಟೆ ಮಾತ್ರ ಹೋಗಬೇಕು, ಒಳಗಿನ ಹಸಿರು ಗಾಯ ಆಗಬಾರದು. ಆಮೇಲೆ 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ ಕಾಂಡಕ್ಕೆ ಬಳಿಸಿ ಅಥವಾ ಹೊಡೆಸಿ. ಹಿಂದೆ ಬಳಸುತ್ತಿದ್ದ ಲಿಂಡೇನ್ ಅನ್ನುವ ಕೀಟನಾಶಕ ಈಗ ನಿಷೇಧ ಆಗಿದೆ, ಯಾರಾದರೂ ಹಳೆ ಡಬ್ಬ ತಂದು ಕೊಟ್ಟರೂ ಮುಟ್ಟಬೇಡಿ.

ಈ ಕೆಲಸಕ್ಕೆ ನೀವು ಊರಲ್ಲಿರುವ ದಿನವನ್ನೇ ಇಟ್ಟುಕೊಳ್ಳಿ, ಅಮ್ಮನ ಮೇಲೆ ಹಾಕಬೇಡಿ. ಕಿತ್ತ ಗಿಡಗಳನ್ನು ಮೇಲಿನ ಬ್ಲಾಕ್ ಎಷ್ಟು, ಕೆಳಗಿನ ಬ್ಲಾಕ್ ಎಷ್ಟು ಅಂತ ಬೇರೆ ಬೇರೆ ಬರೆದಿಡಿ. ಎರಡು ವರ್ಷದ ಆ ಲೆಕ್ಕ ಮತ್ತು ಕೆರೆಯ ಅಳತೆ ಕೈಯಲ್ಲಿದ್ದರೆ ವಿಸ್ತರಣಾ ಕಚೇರಿಯವರು ಕೊಡುವ ಸಲಹೆಯೂ ಖಚಿತವಾಗಿರುತ್ತದೆ. ಕಾಫಿ ಬೀಜ ಬಹಳ ದಿನ ಇಟ್ಟರೆ ಮೊಳಕೆ ಬರುವುದಿಲ್ಲ, ಬೇಡಿಕೆ ನೋಡಿಕೊಂಡೇ ಕೊಡುತ್ತಾರೆ. ಎಸ್.795 ಆಗಲಿ, ಎಸ್.274 ಆಗಲಿ, ಮಳೆಗಾಲ ಮುಗಿಯುವ ಮುಂಚೆಯೇ ಕಾಫಿ ಮಂಡಳಿಯಲ್ಲಿ ಹೆಸರು ಬರೆಸಿಬಿಡಿ.